ಏಳನೇ ನಂಬರಿನ ಹೆಸರು

ಕಟಕ್
೧೪ ನವೆಂಬರ್ ೧೯೮೩

ಚಿಕ್ಕಹನುಮಯ್ಯನವರಿಗೆ,

ಬಸವರಾಜೇಶ್ವರಿಯ ನಮಸ್ಕಾರ. ಪಶ್ಚಿಮ ಬೆಂಗಳೂರು ಮಹಿಳಾ ಫುಟ್‌ಬಾಲ್ ಸಂಘದ ಹನ್ನೊಂದು ಹುಡುಗಿಯರು, ಅವರ ಕೋಚ್ ಆದ ನಾನು, ಕಾರ್ಯದರ್ಶಿ ಉಗ್ರಪ್ಪನವರು, ಅವರ ಹೊಟ್ಟೆಯನ್ನು ಬೇರೆ ಎಣಿಸಿದರೆ ಒಟ್ಟು ಹದಿನಾಲ್ಕು ಜೀವ, ರೈಲಿನಲ್ಲಿ ಕುಲುಕಿ ಕುಲುಕಿ ನೆನ್ನೆ ಸಂಜೆ ಇಲ್ಲಿ ಇಳಿದೆವು. ಮದ್ರಾಸಿನಲ್ಲಿ ಗಾಡಿ ಬದಲಾಯಿಸುವಾಗ ಚೆಂಡುಗಳ ಬಲೆ ಹರಿದು ಆರು ಚೆಂಡು ಪ್ಲಾಟ್‌ಫಾರ್ಮಿನ ಮೇಲೆ ಓಟ ಕಿತ್ತವು. ಗೋಲ್‌ಕೀಪರ್ ಶಿವಕ್ಕ ಐದನ್ನು ಹಿಡಿದಳು. ಆರನೆಯದನ್ನು ಒಬ್ಬ ಪೋರ್ಟರ್ ಎದೆಯಲ್ಲಿ ತಡೆದು, ಕಾಲಿಗೆ ಇಳಿಸಿ, ನೇರ ನನ್ನ ಕೈಗೆ ಕೊಟ್ಟ. "ಇವನನ್ನೇ ಕರ್ಕೊಂಡು ಹೋಗೋಣ ಮೇಡಂ, ಜಡೆ ಕಟ್ಟಿಬಿಟ್ರೆ ಯಾರಿಗ್ ಗೊತ್ತಾಗುತ್ತೆ?" ಅಂದಳು ಶಿವಕ್ಕ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೇ ಸುಮ್ಮನಾದರು.

ನಮ್ಮನ್ನು ಒಂದು ಶಾಲೆಯಲ್ಲಿ ಇಳಿಸಿದ್ದಾರೆ. ಮೇಷ್ಟ್ರುಗಿರಿ ಮಾಡುವವಳಿಗೆ ಮಲಗಲೂ ಕ್ಲಾಸ್‌ರೂಮೇ ಗತಿ. ಬೆಳಿಗ್ಗೆ ಆಲೂಗಡ್ಡೆ, ಸಂಜೆ ಬದಲಾವಣೆಗೆ ಗಡ್ಡೆಯಾಲೂ. ಲೀಗ್‌ನಲ್ಲಿ ಐದು ತಂಡ. ನಮಗೆ ನಾಲ್ಕು ಆಟ: ೧೬, ೨೦, ೨೪, ಕೊನೆಯದು ಡಿಸೆಂಬರ್ ೨ಕ್ಕೆ.

ಹೊರಡುವ ಹಿಂದಿನ ದಿನ ನೀವು ವರ್ಕ್‌ಶಾಪಿನಿಂದ ಬಂದವರು ಹನ್ನೊಂದು ಜೊತೆ ಬೂಟಿನ ತಳಕ್ಕೂ ಹೊಸ ಸ್ಟಡ್ ಹೊಡೆದು ಕೊಟ್ಟಿರಿ. ಮಗಳು ಹೋಗಿ ಎರಡು ತಿಂಗಳು ತುಂಬಿರಲಿಲ್ಲ. ಅವಳ ಗೆಳತಿಯರ ಬೂಟುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ನೀವು ಕೆಲಸ ಮಾಡುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿಗೆ ಏನೂ ಬರಲಿಲ್ಲ. ನನಗೆ ಆ ಕಾಯಿಲೆ ಅಪರೂಪ.

ಬಲಗಡೆ ಕೊನೆಯಲ್ಲಿ, ನಿಮ್ಮ ಗಂಗಳ ಜಾಗದಲ್ಲಿ, ಅನ್ನಪೂರ್ಣೇಶ್ವರಿ ನಗರದ ಕೆಂಪಯ್ಯನವರ ಮಗಳು ಜಲಜಾ ಆಡುತ್ತಾಳೆ. ಚೆನ್ನಾಗಿ ಓಡುತ್ತಾಳೆ. ಅವಳ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಅಂಜನಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ತೆಗೆದುಕೊಳ್ಳುವ ಹಾಗಿದ್ದರೆ ಮಾತ್ರ.

ಬಸವರಾಜೇಶ್ವರಿ


ಬ್ಯಾಡರಹಳ್ಳಿ, ಮಾಗಡಿ ರೋಡು
೧೯-೧೧-೮೩

ಮೇಡಂ ಅವರಿಗೆ ಚಿಕ್ಕಹನುಮಯ್ಯ ಮಾಡುವ ನಮಸ್ಕಾರಗಳು.

ಕಾಗದ ಬಂತು. ನಾನು ಓದಿರೋದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಕೆಂಪು ಇಂಕು ಹಾಕಿ ವಾಪಸ್ ಕಳಿಸಬೇಡಿ. ಚೆಂಡು ಓಡಿದ್ದು ಓದಿ ನಗು ಬಂತು. ನಕ್ಕ ಮೇಲೆ ಯಾಕೆ ನಕ್ಕೆ ಅನ್ನಿಸಿತು.

ಜಲಜಾ ಬೂಟು ಐದನೇ ಸೈಜು. ನಮ್ಮ ಹುಡುಗಿಯದು ನಾಲ್ಕು. ಬಲಗಡೆ ಆಡೋಳು ಅಂತ ಗೊತ್ತಿದ್ದಿದ್ದರೆ ಸ್ಟಡ್ ಇನ್ನೊಂದು ಚೂರು ಗಿಡ್ಡ ಮಾಡಿ ಹೊಡೀತಿದ್ದೆ, ತಿರುಗೋಕೆ ಸಲೀಸು. ನೀವು ಹೇಳಲಿಲ್ಲ.

ಅಂಜನಿ ಮಾತು ಕಮ್ಮಿ ಮಾಡಿದ್ದಾಳೆ. ಅಡಿಗೆ ಆಯ್ತು, ನೀರು ಬಂತು, ಇಷ್ಟೇ. ನಿಮ್ಮ ನಮಸ್ಕಾರ ಹೇಳಿದೆ. ತಗೊಂಡಳೋ ಬಿಟ್ಟಳೋ ಗೊತ್ತಾಗಲಿಲ್ಲ. ಮಗಳನ್ನ ಆಟಕ್ಕೆ ಬಿಟ್ಟಿದ್ದು ನಾನು, ಕರೆದಿದ್ದು ನೀವು, ಬೇಡ ಅಂದಿದ್ದು ಅವಳು. ಒಂದು ದಿನವೂ ಮೈದಾನದ ಹತ್ತಿರ ಬಂದವಳಲ್ಲ.

ಒಂದು ವಿಷಯ ಕೇಳಬೇಕು. ಜೂನ್ ತಿಂಗಳಲ್ಲಿ ಹದಿನೈದು ಹುಡುಗಿಯರ ಹೆಸರು ಟೈಪ್ ಮಾಡಿಸಿ ಲೀಗ್‌ನೋರಿಗೆ ಕಳಿಸಿದ್ದಿರಿ. ಅದರ ಕಾರ್ಬನ್ ಕಾಪಿಯನ್ನ ಗಂಗಾ ಮನೆಗೆ ತಂದು ತೋರಿಸಿದ್ದಳು. ನಂಬರ್ ಏಳು, ಸಿ. ಶಿವಗಂಗಾ. ಅದನ್ನ ಹೊಡೆದು ಹಾಕೋವಾಗ ನನಗೆ ಒಂದು ಮಾತು ತಿಳಿಸಿ. ರೇಷನ್ ಕಾರ್ಡಿನಲ್ಲಿ ಹೋದ ತಿಂಗಳು ಹೊಡೆದರು. ಆಫೀಸಿನವನು ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದ. ಇನ್ನು ಅವಳ ಹೆಸರು ಇರೋದು ನಿಮ್ಮ ಪಟ್ಟಿಯಲ್ಲಿ ಮಾತ್ರ.

ಇನ್ನೊಂದು ಮಾತು ಇತ್ತು. ಕಾಗದದಲ್ಲಿ ಬೇಡ.

ಇಂತಿ,
ಚಿಕ್ಕಹನುಮಯ್ಯ


ಕಟಕ್
೨೩ ನವೆಂಬರ್ ೧೯೮೩

ಚಿಕ್ಕಹನುಮಯ್ಯನವರಿಗೆ,

ನಿಮ್ಮ ಕಾಗದ ಸೇರಿತು. ತಪ್ಪುಗಳೇನೂ ಕಾಣಲಿಲ್ಲ. ಡಿಗ್ರಿ ಕ್ಲಾಸಿನ ನನ್ನ ಹುಡುಗರು ನಿಮ್ಮ ಹತ್ತಿರ ಟ್ಯೂಷನ್ನಿಗೆ ಬರಬೇಕು.

ವರದಿ ಹೀಗಿದೆ. ಮೊದಲ ಆಟ ಸೊನ್ನೆಗೆ ಮೂರು, ಎರಡನೆಯದು ಸೊನ್ನೆಗೆ ಎರಡು. ಸೊನ್ನೆ ಎರಡು ಸಲವೂ ನಮ್ಮದೇ. ಬಂದದ್ದು ಗೋಲಿಗೆ, ಸಿಕ್ಕಿದ್ದು ಗೋಳು. ಅಡ್ಡಿಯಿಲ್ಲ, ಸುಧಾರಿಸಿದ್ದೇವೆ: ಮೂರರಿಂದ ಎರಡಕ್ಕೆ ಇಳಿದಿದ್ದೇವೆ, ಇದೇ ರೀತಿ ಸೋತರೆ ಐದನೇ ಆಟಕ್ಕೆ ಗೆದ್ದೇಬಿಡುತ್ತೇವೆ. ಐದನೇ ಆಟ ಇಲ್ಲ ಎಂಬುದೊಂದೇ ಕೊರತೆ.

ಉಗ್ರಪ್ಪನವರು ಸೋಲಿನ ಹೊಣೆಯನ್ನು ಆಲೂಗಡ್ಡೆಯ ಮೇಲೆ ಹಾಕಿದ್ದಾರೆ. ನನಗೆ ಕಂಡದ್ದು ಬೇರೆ. ಬಸವೇಶ್ವರನಗರದ ಮೈದಾನದಲ್ಲಿ ಆಡುವಾಗ ನಮ್ಮ ಹುಡುಗಿಯರ ಕೂಗಾಟಕ್ಕೆ ಸುತ್ತಲ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರಲ್ಲ? "ಬಿಡೇ!" "ಇಲ್ಲಿ ಕಣೇ, ಕಣ್ ಕಾಣ್ಸಲ್ವಾ?" "ಹಿಂದೆ, ಹಿಂದೆ!" ಅದೆಲ್ಲ ಇಲ್ಲಿ ಇಲ್ಲ. ಎರಡೂ ಆಟ ಮೂಕಿ ಸಿನಿಮಾದ ಹಾಗೆ ನಡೆದವು. ಹೆಸರು ಹಿಡಿದು ಕರೆಯದೆ ಚೆಂಡು ಯಾರ ಕಾಲಿಗೆ ಹೋಗಬೇಕು? ಹೋದದ್ದು ಎದುರಾಳಿಗಳ ಕಾಲಿಗೆ. ಯಾಕೆ ಹೀಗೆ ಅಂದರೆ ಯಾರೂ ಉತ್ತರ ಕೊಡುವುದಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ.

ಪಟ್ಟಿಯ ವಿಚಾರ. ಗಂಗಳ ಹೆಸರನ್ನು ಹೊಡೆದಿಲ್ಲ. ಸದ್ಯಕ್ಕೆ ಇದೆ. ಈ ಎರಡು ವಾಕ್ಯ ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಪೆನ್ನು ಸರಿಯಿಲ್ಲ.

ಕಾಗದದಲ್ಲಿ ಬೇಡ ಅಂದಿರಲ್ಲ, ಅದು ಏನು?

ಬಸವರಾಜೇಶ್ವರಿ


ಬ್ಯಾಡರಹಳ್ಳಿ
೨೬-೧೧-೮೩

ಮೇಡಂ ಅವರಿಗೆ,

ಇವತ್ತು ಬೆಳಿಗ್ಗೆ ಹೋಟ್ಲು ಸಿದ್ದಬಸಪ್ಪ ಪೇಪರ್ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಮನೆ ಬಾಗಿಲಿಗೆ ಬಂದ. "ಹನುಮಯ್ಯಣ್ಣ, ಕೂತ್ಕೊಂಡು ಓದಿ" ಅಂದ. ಆಟದ ಪುಟದ ಮೂಲೆಯಲ್ಲಿ ನಾಲ್ಕು ಗೆರೆ. ಪಶ್ಚಿಮ ಬೆಂಗಳೂರಿಗೆ ಮೊದಲ ಜಯ. ಆಟ ಮುಗಿಯಲು ಏಳು ನಿಮಿಷ ಇರುವಾಗ ಸಿ. ಶಿವಗಂಗಾ ಬಲಬದಿಯಿಂದ ನುಗ್ಗಿ ಎಡಗಾಲಿನಿಂದ ಬಾರಿಸಿದ ಆಕರ್ಷಕ ಗೋಲು.

ನಾನು ಮೂರು ಸಲ ಓದಿದೆ. ನಮ್ಮ ಹುಡುಗಿ ಎಡಗಾಲಲ್ಲಿ ಹೊಡೆಯೋಳಲ್ಲ. ಆಗ ಅರ್ಥ ಆಯಿತು ಮೇಡಂ. ನೀವು ಜಲಜಾ ವಿಷಯ ಇನ್ನೊಮ್ಮೆ ಬರೀತೀನಿ ಅಂದಿದ್ದು ಇದಕ್ಕೇ ಅಂತ.

ಸಿಟ್ಟು ಬರಬೇಕಾಗಿತ್ತು. ಸಿದ್ದಬಸಪ್ಪನಿಗೆ ಬಂದಿತ್ತು. "ಸತ್ತೋರ ಹೆಸರಲ್ಲಿ ಆಡೋದಾ? ಬರೀರಿ ಆ ಮೇಡಮ್ಮಂಗೆ ಸರಿಯಾಗಿ" ಅಂದ. ಅಷ್ಟರಲ್ಲಿ ಅಂಜನಿ ಒಳಗಿಂದ ಬಂದು ಪೇಪರ್ ಕಿತ್ತುಕೊಂಡಳು. ಅವಳಿಗೆ ಕೂಡಿಸಿ ಕೂಡಿಸಿ ಓದೋಕೆ ಬರುತ್ತೆ. ಬೆರಳಿಟ್ಟುಕೊಂಡು ಓದಿದಳು. ಮುಗಿಸಿ ಮತ್ತೆ ಮೊದಲಿಂದ ಓದಿದಳು.

ಆಮೇಲೆ, ಎರಡು ತಿಂಗಳಲ್ಲಿ ಮೊದಲನೇ ಸಲ, ನನ್ನ ಮುಖ ನೋಡಿ ಮಾತಾಡಿದಳು. "ಪೇಪರ್‌ನೋರಿಗೆ ಇನ್ನೂ ಗೊತ್ತಿಲ್ಲ. ಯಾರೂ ಹೇಳ್ಬೇಡಿ."

ಅವಳಿಗೆ ಬುದ್ಧಿ ಕೆಟ್ಟಿಲ್ಲ. ಮಣ್ಣು ಮಾಡಿದ್ದು ಅವಳಿಗೂ ಗೊತ್ತು. ಬೇರೆ ಯಾವುದೋ ಊರಿನಲ್ಲಿ, ಗೊತ್ತಿಲ್ಲದ ಜನರ ನಡುವೆ ಅವಳು ಇನ್ನೂ ಇದ್ದಾಳೆ, ಹಂಗೇ ಇರಲಿ ಅನ್ನೋ ಆಸೆ ಅಷ್ಟೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು. "ಬಲಬದಿಯಿಂದ ಅಂದ್ರೆ ಎಂಗೆ?" ನಾನು ನೆಲದ ಮೇಲೆ ತಟ್ಟೆ ಸರಿಸಿ, ನಿಂಬೆಹಣ್ಣು ಇಟ್ಟು ತೋರಿಸಿದೆ. ಇದು ಗೆರೆ, ಇದು ಗೋಲು, ಇಲ್ಲಿ ನಿಂತಿರ್ತಾಳೆ, ಯಾರೋ ಇಲ್ಲಿಂದ ಕೊಡ್ತಾರೆ, ಹಿಂಗೆ ಬರ್ತಾಳೆ. ಅವಳು ನಿಂಬೆಹಣ್ಣನ್ನೇ ನೋಡ್ತಾ ಇದ್ದಳು. ಎಡಗಾಲಿನ ವಿಷಯ ನಾನು ಹೇಳಲಿಲ್ಲ.

ಅದಕ್ಕೆ ಬೇಡಿಕೊಳ್ತೀನಿ. ಕೊನೇ ಆಟ ಮುಗಿಯೋ ತನಕ ಪಟ್ಟಿ ಹಂಗೇ ಇರಲಿ. ಸರಿಯೋ ತಪ್ಪೋ ನನಗೆ ಬೇಡ. ದಿನಾ ಪೇಪರ್ ತರಬೇಕು ಅಂದಿದ್ದಾಳೆ.

ಇಂತಿ,
ಚಿಕ್ಕಹನುಮಯ್ಯ

ನನ್ನ ಕಾಗದಕ್ಕೆ ನಿಮ್ಮ ಜವಾಬು ಇನ್ನೂ ಬಂದಿಲ್ಲ.


ಕಟಕ್
೨೭ ನವೆಂಬರ್ ೧೯೮೩, ಭಾನುವಾರ

ಚಿಕ್ಕಹನುಮಯ್ಯನವರಿಗೆ,

ಇದು ನಿಮ್ಮ ಕೈ ಸೇರುವ ಮೊದಲು ಪೇಪರ್ ನಿಮ್ಮನ್ನು ತಲುಪಿರುತ್ತದೆ. ಅಂಚೆ ಐದು ದಿನದ ದಾರಿ, ಸುದ್ದಿ ಎರಡೇ ದಿನದ್ದು. ನಾನು ಮೊದಲೇ ಹೇಳಬೇಕಿತ್ತು. ಎರಡು ಕಾಗದ ಬರೆದೆ, ಎರಡನ್ನೂ ಚೆಂಡು, ಆಲೂಗಡ್ಡೆಗಳಿಂದ ತುಂಬಿಸಿದೆ.

ಪಟ್ಟಿಯ ಹದಿನೈದರಲ್ಲಿ ಇಬ್ಬರಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ, ಒಬ್ಬಳಿಗೆ ಮದುವೆ ಗೊತ್ತಾಯಿತು, ಒಬ್ಬಳನ್ನು ಮನೆಯಲ್ಲಿ ಬಿಡಲಿಲ್ಲ. ಗಂಗಾ ಹೋದಳು. ಉಳಿದವರು ಹತ್ತು. ಜಲಜಾ ಸೇರಿದ್ದು ಆಗಸ್ಟಿನಲ್ಲಿ, ಪಟ್ಟಿ ಮುಚ್ಚಿದ ಮೇಲೆ. ಉಗ್ರಪ್ಪನವರು "ಫೋಟೋ ಕೇಳಲ್ಲ ಮೇಡಂ, ಬರೀ ಹೆಸರು. ಏಳನೇ ನಂಬರ್ ಜರ್ಸಿ ಹಾಕ್ಸಿ. ಎಲ್ಲಾ ಟೀಮ್‌ನೋರೂ ಮಾಡ್ತಾರೆ" ಅಂದರು. ಅವರನ್ನು ಮುಂದೆ ನಿಲ್ಲಿಸಿ ನಾನು ಹಿಂದೆ ಅಡಗುವುದಿಲ್ಲ. ಒಪ್ಪಿದವಳು ನಾನು. ಮೈದಾನದಲ್ಲಿ ಜಲಜಾ ಅನ್ನಬೇಡಿ, ರೆಫರಿ ಕಿವಿಗೆ ಬೀಳುತ್ತೆ, ಗಂಗಾ ಅಂತಲೇ ಕರೆಯಿರಿ ಎಂದು ರೈಲಿನಲ್ಲೇ ಪಾಠ ಮಾಡಿದವಳೂ ನಾನೇ.

ಆ ಹೆಸರನ್ನು ಕರೆಯಲು ಯಾರಿಗೂ ಬಾಯಿ ಬರಲಿಲ್ಲ. ಅವಳನ್ನು ಬಿಟ್ಟು ಉಳಿದವರನ್ನು ಕರೆಯುವುದೂ ಅವರಿಂದ ಆಗಲಿಲ್ಲ. ಹಾಗಾಗಿ ಯಾರೂ ಯಾರನ್ನೂ ಕರೆಯಲಿಲ್ಲ. ಎರಡು ಆಟ ಸೋತದ್ದು ಹೀಗೆ.

ಮೂರನೆಯ ಆಟ. ಕೊನೆಯ ಏಳು ನಿಮಿಷ. ಶಿವಕ್ಕನ ಕೈಯಲ್ಲಿ ಚೆಂಡು, ಬಲಗಡೆ ಜಲಜಾ ಒಬ್ಬಳೇ, ಆ ಕಡೆ ಮುಖ ಮಾಡಿಕೊಂಡು ನಿಂತಿದ್ದಾಳೆ. ಶಿವಕ್ಕ ಒಂದು ಗಳಿಗೆ ನಿಂತಳು. ಆಮೇಲೆ ಕೂಗಿದಳು. "ಗಂಗಾ!" ಬ್ಯಾಡರಹಳ್ಳಿಗೆ ಕೇಳಬೇಕು, ಹಾಗೆ. ಹುಡುಗಿ ತಿರುಗಿದಳು. ಆಮೇಲೆ ಎಲ್ಲರೂ ಶುರು ಮಾಡಿದರು, ಗಂಗಾ ಓಡು, ಗಂಗಾ ಒಳಗೆ, ಗಂಗಾ ಹೊಡಿ. ಎರಡು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದರಲ್ಲ. ಗೋಲಾಯಿತು. ಯಾರೂ ಅಪ್ಪಿಕೊಳ್ಳಲಿಲ್ಲ. ಜಲಜಾ ಹುಲ್ಲಿನ ಮೇಲೆ ಕೂತು ಜರ್ಸಿಯನ್ನು ಮುಖದ ಮೇಲೆ ಎಳೆದುಕೊಂಡಳು. "ಅಕ್ಕ ಗಂಗಾ ಅಂದ್ರು, ನಾನ್ ತಿರುಗ್ಬಿಟ್ಟೆ ಮೇಡಂ. ತಪ್ಪಾಯ್ತಾ?" ಅಂದಳು.

ಇವತ್ತು ಬೆಳಿಗ್ಗೆ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದ. ಶಿವಗಂಗಾ ಫೋಟೋ ಬೇಕು, ವಯಸ್ಸು ಎಷ್ಟು, ತಂದೆ ಏನು ಮಾಡುತ್ತಾರೆ ಎಂದ. ಉಗ್ರಪ್ಪನವರು ಜಲಜಾಳನ್ನು ಕರೆದು ಗೋಡೆಗೆ ನಿಲ್ಲಿಸಿ ಕೂದಲು ಸರಿ ಮಾಡುತ್ತಿದ್ದರು. ಆ ಹೆಸರಿನ ಮೇಲೆ ಬೇರೊಂದು ಮುಖ ಅಚ್ಚಾಗಿ ನಿಮ್ಮ ಮನೆ ಬಾಗಿಲಿಗೆ ಬರುವುದು ಕಣ್ಣಿಗೆ ಕಟ್ಟಿತು. ನಾನು ಹೋಗಿ ಲೀಗ್‌ನವರ ಆಫೀಸಿನಲ್ಲಿ ಎಲ್ಲ ಹೇಳಿದೆ. ಗೆದ್ದ ಆಟ ಸೋಲೆಂದು ಬರೆದುಕೊಂಡರು. ಜಲಜಾ ಇನ್ನು ಆಡುವಂತಿಲ್ಲ. ಹೆಸರನ್ನು ನನ್ನ ಕೈಯಲ್ಲೇ ಹೊಡೆಸಿದರು. ಸ್ಕೇಲ್ ಇರಲಿಲ್ಲ. ಗೆರೆ ಸೊಟ್ಟಗಾಯಿತು, ಹೆಸರು ಇನ್ನೂ ಓದಲು ಬರುತ್ತದೆ.

ಬಾಯಿ ತೆರೆದಿದ್ದೇನೆ, ಇದನ್ನೂ ಹೇಳಿಬಿಡುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ ಮೈದಾನದಾಚೆ ಹೋದ ಚೆಂಡು ತರಲು ಗಂಗಾ ಬೇಲಿ ಹಾರಿದಳು. ತುಕ್ಕು ಹಿಡಿದ ತಂತಿ ಹಿಮ್ಮಡಿಗೆ ಹೊಕ್ಕಿತು. ನನ್ನ ಕರವಸ್ತ್ರ ಕಟ್ಟಿದೆ. "ಇಂಜೆಕ್ಷನ್ ಹಾಕಿಸ್ಕೊಳೇ" ಅಂದೆ. "ಅಮ್ಮಂಗೆ ಗೊತ್ತಾದ್ರೆ ಕಟಕ್‌ಗೆ ಕಳ್ಸಲ್ಲ, ಹೇಳ್ಬೇಡಿ ಮೇಡಂ" ಅಂದಳು. ನಾನು ನಕ್ಕು, "ಹಿಮ್ಮಡಿ ತಾನೇ, ಹಿಂದಿನದು ಹಿಂದಕ್ಕಾಯ್ತು, ಮುಂದಕ್ಕೆ ಓಡು" ಎಂದೆ. ಆಸ್ಪತ್ರೆ ಎರಡು ಬೀದಿ ಆಚೆ ಇತ್ತು. ಕೈಹಿಡಿದು ಎಳೆದುಕೊಂಡು ಹೋಗಲಿಲ್ಲ. ಧನುರ್ವಾಯು ಎಂದು ಡಾಕ್ಟರು ಹೇಳಿದ ದಿನ ನೀವು ನನ್ನನ್ನೇ "ಎಲ್ಲಿ ಏಟು ಬಿತ್ತೋ ಮೇಡಂ" ಎಂದು ಕೇಳಿದಿರಿ. ಗೊತ್ತಿಲ್ಲ ಅಂದೆ.

ಬಸವರಾಜೇಶ್ವರಿ


ಕಟಕ್
೨ ಡಿಸೆಂಬರ್ ೧೯೮೩

ಚಿಕ್ಕಹನುಮಯ್ಯನವರಿಗೆ,

ನಿಮ್ಮ ೨೬ರ ಕಾಗದ ನೆನ್ನೆ ಬಂತು. ಯಾರೂ ಹೇಳಬೇಡಿ ಎಂದು ಅಂಜನಮ್ಮನವರು ಅಂದ ಮಾರನೇ ದಿನವೇ ನಾನು ಹೇಳಿ ಮುಗಿಸಿದ್ದೆ. ಕಾಗದ ಮೊದಲೇ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ನನಗೆ ತಿಳಿಯದು. ಇಡೀ ದಿನ ಯೋಚಿಸಿದರೂ ತಿಳಿಯಲಿಲ್ಲ.

ಇವತ್ತು ಹತ್ತು ಜನ ಆಡಿದರು. ಹತ್ತೇ ಜನ ಇದ್ದಾಗ ಒಂದು ಕಡೆಯನ್ನು ಪೂರ್ತಿ ಖಾಲಿ ಬಿಡುವ ದಡ್ಡತನ ಯಾರೂ ಮಾಡುವುದಿಲ್ಲ, ಒಳಗೆ ಸರಿದು ನಿಲ್ಲಿ ಎಂದು ಬಳಪ ಹಿಡಿದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ತಲೆಯಾಡಿಸಿದರು. ಮೈದಾನಕ್ಕೆ ಇಳಿದ ಮೇಲೆ ಬಲಗಡೆಗೆ ಒಬ್ಬಳೂ ಕಾಲಿಡಲಿಲ್ಲ. ಶಿವಕ್ಕ ಎರಡು ಸಲ ಚೆಂಡನ್ನು ಆ ಕಡೆಗೇ ಒದ್ದಳು. ಅಭ್ಯಾಸವೋ ಬೇಕೆಂದೋ ಕೇಳಲಿಲ್ಲ. ಎರಡು ಸಲವೂ ಚೆಂಡು ಉರುಳಿ ಉರುಳಿ ಗೆರೆ ದಾಟಿತು. ಆ ಗೆರೆಯ ಹೊರಗೆ ಕೂತಿದ್ದ ಜಲಜಾ ಎದ್ದು ಓಡಿ ಎತ್ತಿಕೊಂಡು ಬಂದು ಎದುರು ತಂಡದವರ ಕೈಗೆ ಕೊಟ್ಟಳು.

ಆದರೆ ಕೂಗಾಟ ಮಾತ್ರ ಮೊದಲಿನಂತೆಯೇ ಇತ್ತು. ಅವರವರ ಹೆಸರನ್ನು ಅವರವರಿಗೇ ಕೂಗಿದರು. ಸೊನ್ನೆಗೆ ಒಂದು. ಸೋತೆವು.

ನಾಳೆ ಹೊರಡುತ್ತೇವೆ.

ಬಸವರಾಜೇಶ್ವರಿ


ಬ್ಯಾಡರಹಳ್ಳಿ
೮-೧೨-೮೩

ಮೇಡಂ ಅವರಿಗೆ ಚಿಕ್ಕಹನುಮಯ್ಯ ಮಾಡುವ ನಮಸ್ಕಾರಗಳು.

ನೀವು ಮೊನ್ನೆ ಬಂದಿರಂತೆ. ಬಸವೇಶ್ವರನಗರಕ್ಕೆ ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೂ ಕಾಗದವೇ ಬರೀತಿದ್ದೀನಿ. ಎದುರಾಎದುರು ನಿಂತರೆ ಇಬ್ಬರೂ ಬೂಟಿನ ವಿಷಯ ಮಾತಾಡಿ ಬಂದುಬಿಡ್ತೀವಿ.

೨೯ನೇ ತಾರೀಕಿನ ಪೇಪರ್‌ನ ಸಿದ್ದಬಸಪ್ಪ ಗಲ್ಲಾ ಕೆಳಗೆ ಬಚ್ಚಿಟ್ಟಿದ್ದ. ಅಂಜನಿಯೇ ಹೋಟ್ಲಿಗೆ ಹೋಗಿ ಕೇಳಿ ಈಸ್ಕೊಂಡಳು. ಆಟಗಾರ್ತಿ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದಳು ಅಂತ ಅದರಲ್ಲಿ ಬಂದಿತ್ತು. ಮನೆಗೆ ಬಂದು ಪೇಪರ್‌ನ ಅಕ್ಕಿ ಡಬ್ಬದ ಮೇಲೆ ಇಟ್ಟು, ಒಲೆ ಹಚ್ಚಿದಳು. ಅವತ್ತೆಲ್ಲ ಮಾತಿಲ್ಲ. ನಿಮ್ಮ ಮೇಲೆ ನನಗೆ ಅವತ್ತು ಸಿಟ್ಟು ಬಂತು ಮೇಡಂ. ಮೂರು ದಿನ ಅವಳು ಮಾತಾಡಿದ್ದಳು, ಅದನ್ನೂ ಕಿತ್ಕೊಂಡ್ರಲ್ಲ ಅಂತ.

ಮೂರನೇ ತಾರೀಕು ನಿಮ್ಮ ದೊಡ್ಡ ಕಾಗದ ಬಂತು. ಅದನ್ನ ಅವಳ ಎದುರಿಗೇ ಓದಿದೆ, ಹಿಮ್ಮಡಿ ವಿಷಯ ಸೇರಿಸಿ. ಓದಿ ಮುಗಿಸಿ, ಕಾಗದದಲ್ಲಿ ಬೇಡ ಅಂದಿದ್ದನ್ನ ಬಾಯಲ್ಲಿ ಹೇಳಿದೆ. ಅವತ್ತು ಸಂಜೆ ಗಂಗಾ ವರ್ಕ್‌ಶಾಪಿಗೆ ಬಂದು ನನಗೂ ಕಾಲು ತೋರಿಸಿದ್ದಳು. ನಿಮ್ಮ ಕರವಸ್ತ್ರ ಬಿಚ್ಚಿ, ಅರಿಸಿನ ಅದುಮಿ, ಅದೇ ಕರವಸ್ತ್ರ ಕಟ್ಟಿದವನು ನಾನು. ಲೇತ್ ಮೇಲೆ ಕೆಲಸ ಮಾಡೋನಿಗೆ ಕಬ್ಬಿಣದ ಗಾಯ ಅಂದರೆ ದಿನಾ ಇರೋದೇ ಅನ್ನಿಸಿತು. "ಅಮ್ಮಂಗೆ ಹೇಳ್ಬೇಡಪ್ಪ" ಅಂದಳು. ಹೇಳಲಿಲ್ಲ. ಆಸ್ಪತ್ರೆಯಲ್ಲಿ ನಿಮ್ಮನ್ನ ಎಲ್ಲಿ ಏಟು ಬಿತ್ತೋ ಅಂತ ಕೇಳಿದ್ದು, ಅಂಜನಿ ಪಕ್ಕದಲ್ಲಿ ನಿಂತಿದ್ದಳಲ್ಲ, ಅದಕ್ಕೆ.

ಅವಳು ಕಾಗದ ಈಸ್ಕೊಂಡು ಮಡಿಚಿದಳು. ಆಮೇಲೆ ಅಂದಳು. "ನಿಂಗೂ ಹೇಳಿದ್ಳು. ಅವ್ರಿಗೂ ಹೇಳಿದ್ಳು. ನಾನ್ ಬೇಡ ಬೇಡ ಅಂತಿದ್ದೆ, ನಂಗೊಬ್ಳಿಗೆ ಹೇಳ್ಲಿಲ್ಲ." ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಾನು ಹೊರಗೆ ಬಂದು ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಪಕ್ಕದಲ್ಲಿ ಕೂತಳು.

ನಾಲ್ಕನೇ ತಾರೀಕಿನ ಪೇಪರಿನಲ್ಲಿ ಟೀಮಿನೋರ ಹೆಸರು ಹಾಕಿದ್ದರು. ಬೆರಳಿಟ್ಟು ಎಣಿಸಿದಳು. "ಹತ್ತೇ ಇದೆ" ಅಂದಳು. ಹ್ಞೂ ಅಂದೆ. ನೆನ್ನೆ ನಿಮ್ಮ ಕೊನೆಯ ಕಾಗದ ಬಂತು. ಬಲಗಡೆ ಯಾರೂ ಕಾಲಿಡಲಿಲ್ಲ ಅನ್ನೋ ಕಡೆ ನಿಲ್ಲಿಸಿ, ಇನ್ನೊಂದು ಸಲ ಓದು ಅಂದಳು. ಓದಿದೆ. ಜಲಜಾ ಚೆಂಡು ಎತ್ತಿ ಕೊಡೋ ಕಡೆ ಮತ್ತೆ ನಿಲ್ಲಿಸಿದಳು.

"ಆ ಮಗು ವಯಸ್ಸೆಷ್ಟು?"

"ಹದಿನೇಳಿರಬೇಕು."

"ಗಂಗನ ಬೂಟು ಅದಕ್ಕೆ ಆಗುತ್ತಾ?"

ಬೂಟು ಇನ್ನೂ ಮಂಚದ ಕೆಳಗಿದೆ. ಕೊಡೋಕೆ ಕೇಳ್ತಿದ್ದಾಳೆ ಅಂದ್ಕೊಂಡೆ. "ಆಗಲ್ಲ. ನಮ್ದು ನಾಲ್ಕು, ಅವಳದು ಐದು" ಅಂದೆ.

"ಆಗ್ದೇ ಇರೋದೇ ಒಳ್ಳೇದು" ಅಂದಳು. "ಅದರ ಬೂಟಲ್ಲೇ ಅದು ಆಡ್ಲಿ. ಅದರ ಹೆಸರಲ್ಲೇ ಆಡ್ಲಿ. ಬಸವೇಶ್ವರನಗರದಲ್ಲಿ ಆಟ ಇದ್ದಾಗ ಹೇಳು. ಬಲಗಡೆ ಎಲ್ಲಿ ಕೂತ್ರೆ ಚೆನ್ನಾಗಿ ಕಾಣುತ್ತೆ ಕೇಳ್ಕೊಂಡ್ ಬಾ. ಒಂದ್ಸಲ ನೋಡ್ತೀನಿ."

ಅದಕ್ಕೇ ಕೇಳ್ತಿದ್ದೀನಿ ಮೇಡಂ. ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತೆ ಅಂತ ತಿಳಿಸಿ.

ಇಂತಿ,
ಚಿಕ್ಕಹನುಮಯ್ಯ